ನವಣೆ ಮಡಿಯಲ್ಲಿ ನಾಲ್ಕು ಅಡಿಕೆ

2025ರ ಅಕ್ಟೋಬರ್ 13, ಸೋಮವಾರ. ಬೆಳಿಗ್ಗೆ 10.40ಕ್ಕೆ ಚಳ್ಳಕೆರೆ ಠಾಣೆಯ ಮೆಟ್ಟಿಲು ಹತ್ತಿ ಬಂದ ಹೆಂಗಸಿನ ಕೈಯಲ್ಲಿ ತೆನೆ ಇಲ್ಲದ ನವಣೆ ದಂಟೊಂದಿತ್ತು. ಇನ್ಸ್‌ಪೆಕ್ಟರ್ ಓಂಕಾರಮೂರ್ತಿ ಆಗಷ್ಟೇ ತಿಂಡಿ ಡಬ್ಬಿಯ ಮುಚ್ಚಳ ತೆಗೆದಿದ್ದರು. ಒಳಗೆ ನವಣೆ ಉಪ್ಪಿಟ್ಟು. ಸಕ್ಕರೆ ಕಾಯಿಲೆ ಶುರುವಾಗಿದೆ ಎಂದು ಡಾಕ್ಟರು ಹೇಳಿದ ದಿನದಿಂದ ಅವರ ಮನೆಯಲ್ಲಿ ಅನ್ನದ ಮಾತೇ ಇಲ್ಲ. ಮೂರು ತಿಂಗಳಿಂದ ಇದೇ ಉಪ್ಪಿಟ್ಟು, ಇದೇ ಸಂಕಟ. ದೂರು ಬಂತೆಂದು ಅವರು ಡಬ್ಬಿ ಮುಚ್ಚಿದರು. ತಿನ್ನುವುದು ತಪ್ಪಿದ ಸಮಾಧಾನ ಮುಖದಲ್ಲಿ ಕಾಣದಂತೆ ನೋಡಿಕೊಂಡರು.

“ನಾನು ಡಾಕ್ಟರ್ ಶೈಲಜಾ. ಉಳ್ಳಾರ್ತಿ ಕಾವಲ್ ಪಕ್ಕದ ಸಿರಿಧಾನ್ಯ ಪ್ರಯೋಗ ಕೇಂದ್ರದವಳು. ನಮ್ಮ ಹೊಲದಲ್ಲಿ ಕಳ್ಳತನ ಆಗಿದೆ.”

“ಏನು ಹೋಗಿದೆ?”

“ನವಣೆ ತೆನೆ. ಒಂದೂವರೆ ಕೆಜಿ ಆಗಬಹುದು.”

ಪಕ್ಕದ ಮೇಜಿನಲ್ಲಿದ್ದ ಹೆಡ್ ಕಾನ್ಸ್‌ಟೇಬಲ್ ದಾಕ್ಷಾಯಿಣಿ ನಗು ಬಂದದ್ದನ್ನು ಮುಚ್ಚಿಕೊಳ್ಳಲು ಎಲೆಅಡಿಕೆ ಸಂಚಿಯನ್ನು ಡ್ರಾಯರಿಗೆ ತುರುಕಿ ಪೆನ್ನು ಹುಡುಕಿದರು. ಡ್ಯೂಟಿಯಲ್ಲಿ ಅಡಿಕೆ ಜಗಿಯಬೇಡಿ ಎಂದು ಓಂಕಾರಮೂರ್ತಿ ವಾರಕ್ಕೊಮ್ಮೆ ಬೈಯುತ್ತಿದ್ದರು. ಆಕೆ ವಾರಕ್ಕೊಮ್ಮೆ ಆಯ್ತು ಸಾರ್ ಎನ್ನುತ್ತಿದ್ದರು.

ಶೈಲಜಾಗೆ ನಗುವ ಸ್ಥಿತಿ ಇರಲಿಲ್ಲ. “ಇದು ಸಾಮಾನ್ಯ ನವಣೆ ಅಲ್ಲ ಸರ್. ನವಣೆಯಲ್ಲಿ ಕಬ್ಬಿಣದ ಅಂಶ ಬೇಕಾದಷ್ಟಿದೆ. ಆದರೆ ಕಾಳಿನೊಳಗೇ ಫೈಟೇಟ್ ಅಂತ ಇನ್ನೊಂದು ಇರುತ್ತದೆ, ಅದು ಆ ಕಬ್ಬಿಣವನ್ನು ಹಿಡಿದುಕೊಂಡು ಬಿಡುವುದಿಲ್ಲ. ತಿಂದದ್ದು ಮೈಗೆ ಹತ್ತುವುದಿಲ್ಲ. ನಾವು ಜೀನೋಮ್ ಎಡಿಟಿಂಗ್ ಮಾಡಿ ಫೈಟೇಟ್ ಕಡಿಮೆ ಮಾಡಿದ್ದೇವೆ.”

“ಅಂದರೆ ಬೇರೆ ಯಾವುದೋ ಪ್ರಾಣಿಯದ್ದು, ಗಿಡದ್ದು ತಂದು ಸೇರಿಸಿದ್ದೀರಿ.”

“ಇಲ್ಲ. ಹೊರಗಿನದು ಏನೂ ಸೇರಿಸಿಲ್ಲ. ಅದರ ವಂಶವಾಹಿಯಲ್ಲೇ ಇದ್ದ ಕೆಲವು ಅಕ್ಷರ ಕತ್ತರಿಸಿದ್ದೇವೆ, ಅಷ್ಟೇ. ಆರು ವರ್ಷದ ಕೆಲಸ. ಈ ಭಾಗದಲ್ಲಿ ಎಷ್ಟು ಬಸುರಿ ಹೆಂಗಸರಿಗೆ ರಕ್ತ ಕಡಿಮೆ ಇದೆ ಅಂತ ಯಾವ ಆಸ್ಪತ್ರೆಯ ನರ್ಸನ್ನು ಕೇಳಿದರೂ ಹೇಳುತ್ತಾರೆ. ಅವರಿಗಾಗಿ ಮಾಡಿದ್ದು. ಪ್ರಯೋಗ ಮುಗಿಯುವ ತನಕ ಒಂದು ಕಾಳೂ ಹೊರಗೆ ಹೋಗಬಾರದು ಅಂತ ಷರತ್ತಿದೆ. ಹೋಗಿದೆ ಅಂತಾದರೆ ಅನುಮತಿ ರದ್ದು. ಮತ್ತೆ ಯಾರೂ ಕೊಡುವುದಿಲ್ಲ.”

ಓಂಕಾರಮೂರ್ತಿಯವರ ಕಣ್ಣು ತಮಗೇ ಗೊತ್ತಿಲ್ಲದಂತೆ ತಿಂಡಿ ಡಬ್ಬಿಯ ಮೇಲೆ ಹೋಯಿತು. ಭಾರತೀಯ ನ್ಯಾಯ ಸಂಹಿತೆ ಕಲಂ 303(2)ರಡಿ ಎಫ್‌ಐಆರ್ ದಾಖಲಾಯಿತು. ಆಗ ಸಮಯ 11.25.

ಹೊಲಕ್ಕೆ ಅವರು ತಲುಪಿದ್ದು 12.30ಕ್ಕೆ. ಸುತ್ತ ಎತ್ತರದ ತಂತಿ ಬೇಲಿ, ಒಂದೇ ಗೇಟು, ಗೇಟಿನಲ್ಲಿ ಕಾವಲುಗಾರ. ಒಳಗೆ ಇಪ್ಪತ್ನಾಲ್ಕು ಮಡಿ, ಮೇಲೆ ಹಕ್ಕಿ ಬಲೆ. ಪ್ರತಿ ಮಡಿಯ ತಲೆಯಲ್ಲಿ ಒಂದು ಗೂಟ, ಗೂಟದ ಮೇಲೆ ಬರೀ ನಂಬರು. ಮೇಲ್ವಿಚಾರಕ ಶಶಿಕಾಂತ್ ಶುಕ್ರವಾರ ಸಂಜೆ ಎಣಿಸಿದಾಗ ಎಲ್ಲ ಸರಿಯಿತ್ತಂತೆ. ಶನಿವಾರ ಹೆಣ್ಣಾಳುಗಳು ಬದುವಿನ ಹುಲ್ಲು ಕೊಯ್ದು ಹೋಗಿದ್ದರು. ಭಾನುವಾರ ರಜೆ. ಇವತ್ತು ನೋಡಿದರೆ 4, 9, 15, 22ನೇ ನಂಬರಿನ ಮಡಿಗಳಲ್ಲಿ ತೆನೆ ಹೋಗಿವೆ.

“ಬೇಲಿ ಎಲ್ಲಾದರೂ ಕಿತ್ತಿದೆಯಾ?”

“ಇಲ್ಲ ಸಾರ್. ಬಲೆ ಮಾತ್ರ ಒಂದು ಕಡೆ ಬಿಚ್ಚಿ ಮತ್ತೆ ಕಟ್ಟೌರೆ. ನಮಗಿಂತ ಚೆನ್ನಾಗಿ ಕಟ್ಟೌರೆ.”

“ಅಲ್ಲಿ ಗುಂಡಿ ಯಾಕೆ ತೋಡಿದ್ದೀರಿ?”

“ಮುಂದಿನ ಸೋಮವಾರ ಕಟಾವು. ಪರೀಕ್ಷೆಗೆ ಬೇಕಾದಷ್ಟು ಕಾಳು ತೆಗೆದು ಉಳಿದದ್ದನ್ನೆಲ್ಲ ಅದರೊಳಗೆ ಹಾಕಿ ಸುಡಬೇಕು. ಷರತ್ತು ಐತಲ್ಲ.”

ಪಂಚರನ್ನು ಕರೆಸಿ ಸ್ಥಳ ಪಂಚನಾಮೆ ಶುರು ಮಾಡಿದರು. ದಾಕ್ಷಾಯಿಣಿ ಸೀರೆಯ ಕಾಲದ ಅಭ್ಯಾಸದಂತೆ ಖಾಕಿ ಪ್ಯಾಂಟನ್ನೇ ಎರಡೂ ಕೈಯಲ್ಲಿ ಎತ್ತಿ ಹಿಡಿದು ನಾಲ್ಕನೇ ಮಡಿಯೊಳಗೆ ಕಾಲಿಟ್ಟರು. ಮೊಳಕಾಲ್ಮೂರಿನ ನೇಕಾರರ ಮನೆಯವರಾದರೂ ಆಕೆಯ ತಾಯಿಯ ತವರು ಹೊಲಮನೆಯವರದು.

“ಸಾರ್, ಇಲ್ಲಿ ನೋಡ್ರಿ. ಅಂಚಿನ ಸಾಲು ಮುಟ್ಟಿಲ್ಲ. ನಡುವಿನವೇ ಆರ್ಸಿ ಕೊಯ್ದೌರೆ. ತೆನೆ ಜತೆಗೆ ಒಂದು ಗೇಣು ದಂಟೂ ಹೋಗೈತೆ.”

“ಅದರಿಂದ ಏನು?”

“ತಿನ್ನಾಕೆ ಕೊಯ್ಯೋರು ತೆನೆ ಬುಡಕ್ಕೇ ಮುರೀತಾರೆ. ದಂಟು ಸೇರ್ಸಿ ಕೊಯ್ಯೋದು ಕಟ್ಟು ಕಟ್ಟಿ ಒಲೆ ಮ್ಯಾಲೆ ನೇತಾಕಾಕೆ. ಬೀಜಕ್ಕೆ ಸಾರ್.”

ಆಮೇಲೆ ಆಕೆ ಬಗ್ಗಿ ಮಣ್ಣಿನಿಂದ ಏನನ್ನೋ ಹೆಕ್ಕಿದರು. ಒಂದು ಇಡೀ ಅಡಿಕೆ. ಶಶಿಕಾಂತ್ ಅದನ್ನು ನೋಡಿ, ಆಳುಗಳು ಜಗಿಯುತ್ತಾರೆ, ಯಾರದ್ದೋ ಮಡಿಲಿಂದ ಬಿದ್ದಿರಬೇಕು ಎಂದ. ಓಂಕಾರಮೂರ್ತಿಯೂ ಹಾಗೇ ಅಂದುಕೊಂಡರು. ಆದರೆ ಒಂಬತ್ತನೇ ಮಡಿಯ ನಡುವೆ ಇನ್ನೊಂದು ಸಿಕ್ಕಿತು. ಹದಿನೈದರಲ್ಲಿ ಒಂದು. ಇಪ್ಪತ್ತೆರಡರಲ್ಲಿ ಒಂದು. ಅರ್ಧ ಮಣ್ಣಿಗೆ ಒತ್ತಿ ಇಟ್ಟಂತಿದ್ದವು. ಉಳಿದ ಇಪ್ಪತ್ತು ಮಡಿ ಜಾಲಾಡಿದರೂ ಅಡಿಕೆಯ ಚೂರೂ ಇರಲಿಲ್ಲ.

“ಬಿದ್ದದ್ದಲ್ಲ,” ಎಂದರು ಓಂಕಾರಮೂರ್ತಿ. “ಇಟ್ಟದ್ದು.”

ನಾಲ್ಕು ಅಡಿಕೆಗಳನ್ನು ಪೊಟ್ಟಣ ಕಟ್ಟಿ ಮೊಹರು ಹಾಕಿದರು. ಕಾವಲುಗಾರ ಪ್ರತಿ ಸಂಜೆ ಆಳುಗಳ ಚೀಲ ತಡವಿ ನೋಡುತ್ತಿದ್ದನಂತೆ. “ಹುಲ್ಲಿನ ಹೊರೆ?” ಎಂದು ಕೇಳಿದಾಗ ಅದನ್ನು ನೋಡಿಲ್ಲವೆಂದ. ದನಕ್ಕೆಂದು ಹುಲ್ಲು ಒಯ್ಯಲು ಅಪ್ಪಣೆಯಿತ್ತು, ಹೊರೆ ಬಿಚ್ಚಿಸುವ ಪದ್ಧತಿ ಇರಲಿಲ್ಲ.

ಮಂಗಳವಾರ ಬೆಳಿಗ್ಗೆ 9.15. ಹೊಸ ನವಣೆ ಬೇಕೆಂದು ಎರಡು ಸಲ ಕೇಂದ್ರದ ಗೇಟಿಗೆ ಬಂದು ಹೋಗಿದ್ದ ಮನುಷ್ಯನೊಬ್ಬನ ಹೆಸರು ಸಂದರ್ಶಕರ ಪುಸ್ತಕದಲ್ಲಿತ್ತು. ಪರಶುರಾಂಪುರದ ಬೀಜ ಗೊಬ್ಬರದ ಅಂಗಡಿಯ ಜಂಬುಲಿಂಗಪ್ಪ. ಅಂಗಡಿಯ ಮುಂದೆ ಜೀಪು ನಿಂತಾಗ ಅವನು ವಿಭೂತಿ ಹಚ್ಚಿದ ಹಣೆಯ ಬೆವರನ್ನು ಒರೆಸುತ್ತಾ ಎದ್ದು ನಿಂತ.

“ಹೋಗಿದ್ದು ನಿಜ ಸಾಹೇಬ್ರೆ. ರಕ್ತ ಹೆಚ್ಚು ಮಾಡೋ ನವಣೆ ಬಂದೈತಂತೆ ಅಂತ ಜನ ಕೇಳ್ತಾವ್ರೆ. ಬೀಜ ಸಿಕ್ಕರೆ ನಾನೇ ಮೊದಲು ಮಾರಾಣ ಅಂತ ಆಸೆ. ಆಸೆಪಟ್ಟಿದ್ದು ತಪ್ಪೇನ್ರಿ?”

“ಶನಿವಾರ ಎಲ್ಲಿದ್ದಿರಿ?”

“ದಾವಣಗೆರೇಲಿ ನಮ್ಮ ಭಾಮೈದನ ಮಗಳ ನಿಶ್ಚಿತಾರ್ಥ. ಭಾನುವಾರ ಬಂದೆ. ಫೋಟೋ ಐತೆ, ನೋಡ್ರಿ.” ಫೋನು ಮುಂದೆ ಹಿಡಿದ. ಫೋಟೋದಲ್ಲಿ ಎಲ್ಲರಿಗಿಂತ ಮುಂದೆ ಅವನೇ ಊಟಕ್ಕೆ ಕೂತಿದ್ದ. “ಅಲ್ಲ ಸಾಹೇಬ್ರೆ, ಕದಿಯೋನಾದ್ರೂ ಯಾವ ಮಡೀಲಿ ಕದೀಲಿ? ಅಲ್ಲಿ ಬರೀ ನಂಬರು ಬರೆದೌರೆ. ಯಾವುದು ಹೊಸಾದು, ಯಾವುದು ಹಳೇದು ಅಂತ ಆ ಮೇಡಮ್ಮೋರಿಗೇ ಗೊತ್ತಿಲ್ವಂತೆ!”

ಓಂಕಾರಮೂರ್ತಿ ಜೀಪು ಹತ್ತಿದವರು ಇಳಿದು ಮತ್ತೆ ಕೇಳಿದರು. “ಹಳೇದೂ ಇದೆಯಾ ಅಲ್ಲಿ?”

“ಇರಲೇಬೇಕಲ್ರಿ. ಹೊಸಾದು ಚೆನ್ನಾಗೈತೋ ಇಲ್ವೋ ಅಂತ ನೋಡಾಕೆ ಪಕ್ಕದಾಗೆ ಹಳೇದು ಹಾಕ್ತಾರೆ.”

ಮಧ್ಯಾಹ್ನ ಕೇಂದ್ರದಲ್ಲಿ ಶೈಲಜಾ ಅದನ್ನು ಒಪ್ಪಿಕೊಂಡರು. ಆರು ಬಗೆಯ ಬೀಜ, ತಲಾ ನಾಲ್ಕು ಮಡಿ. ಐದು ಬಗೆ ತಿದ್ದಿದ್ದು, ಒಂದು ತಿದ್ದದ ಮೂಲ ತಳಿ. ಅಳೆಯುವವರ ಮನಸ್ಸು ಒಂದು ಕಡೆ ವಾಲಬಾರದೆಂದು ಯಾವ ನಂಬರು ಯಾವುದು ಎಂಬ ಪಟ್ಟಿಯನ್ನು ಬೆಂಗಳೂರಿನ ನಿರ್ದೇಶಕರ ಬಳಿ ಮೊಹರು ಮಾಡಿ ಇಡಲಾಗಿತ್ತು.

“ಪಟ್ಟಿ ಒಡೆಸಿ,” ಎಂದರು ಓಂಕಾರಮೂರ್ತಿ.

“ಒಡೆದರೆ ಈ ವರ್ಷದ ಪ್ರಯೋಗ ಹಾಳಾಗುತ್ತದೆ ಸರ್.”

“ನಾಲ್ಕು ನಂಬರು ಮಾತ್ರ ಓದಲಿ. ಉಳಿದದ್ದು ಮುಚ್ಚಿರಲಿ.”

ಫೋನಿನ ಆ ತುದಿಯಿಂದ ಉತ್ತರ ಬಂದಾಗ 3.10. ಶೈಲಜಾ ಫೋನು ಕೆಳಗಿಟ್ಟು ಕುರ್ಚಿಯಲ್ಲಿ ಕುಸಿದರು. “ನಾಲ್ಕೂ ಮೂಲ ತಳಿ. ನಮ್ಮ ನವಣೆ ಹೊರಗೆ ಹೋಗಿಲ್ಲ. ಒಂದು ಕಾಳೂ ಹೋಗಿಲ್ಲ.” ಕಣ್ಣು ಒರೆಸಿಕೊಂಡು ನಕ್ಕರು. ಆಮೇಲೆ ನಗು ನಿಂತಿತು. “ಆದರೆ ಹೇಗೆ ಸಾಧ್ಯ? ನೋಡಲು ಎಲ್ಲವೂ ಒಂದೇ ತರಹ. ಮೂರು ತಿಂಗಳು ದಿನಾ ನೋಡಿದರೂ ನನಗೇ ಗೊತ್ತಾಗಿಲ್ಲ.”

ಓಂಕಾರಮೂರ್ತಿಗೂ ಇದೇ ತಲೆಗೆ ಹುಳ ಬಿಟ್ಟಂತಾಯಿತು. ಇಪ್ಪತ್ನಾಲ್ಕರಲ್ಲಿ ಸರಿಯಾಗಿ ನಾಲ್ಕನ್ನು ಅದೃಷ್ಟದಿಂದ ಆರಿಸಲಾಗದು. ಕಾವಲು ಇಟ್ಟದ್ದು ಹೊಸ ಬೀಜಕ್ಕೆ, ಕಳ್ಳ ಒಯ್ದದ್ದು ಹಳೆಯದನ್ನು. ಅಂದರೆ ಡಾಕ್ಟರೇಟ್ ಪಡೆದವರ ಕಣ್ಣಿಗಿಂತ ಚುರುಕಾದ ಕಣ್ಣು ಆ ಹೊಲದಲ್ಲಿ ಓಡಾಡಿದೆ. ಅದು ಈ ನವಣೆಯನ್ನು ಹಿಂದೆ ಕಂಡ ಕಣ್ಣು.

“ಈ ಮೂಲ ತಳಿ ಎಲ್ಲಿಂದ ತಂದದ್ದು ಮೇಡಂ?”

ಶೈಲಜಾ ಕಂಪ್ಯೂಟರ್ ನೋಡಿದರು. “2009ರಲ್ಲಿ ಯಾರೋ ಅಧಿಕಾರಿ ಸಂಗ್ರಹಿಸಿದ್ದು. ಊರು ಬಿಳಿಗಲ್ಲಹಟ್ಟಿ, ಮೊಳಕಾಲ್ಮೂರು ತಾಲ್ಲೂಕು. ಕೊಟ್ಟವರು...” ಪರದೆಯನ್ನು ಇನ್ನಷ್ಟು ಕೆಳಗೆ ಸರಿಸಿದರು. “ಕೊಟ್ಟವರು, ರೈತ ಮಹಿಳೆ. ಹೆಸರು ಬರೆದಿಲ್ಲ.”

ಬುಧವಾರ ಬೆಳಿಗ್ಗೆ 8.30ಕ್ಕೆ ಜೀಪು ಬಳ್ಳಾರಿ ರಸ್ತೆ ಹಿಡಿಯಿತು. ಮೊಳಕಾಲ್ಮೂರು ದಾಟಿ ಬಂಡೆಗಳ ನಡುವೆ ಒಳಗೆ ಹೋದರೆ ಬಿಳಿಗಲ್ಲಹಟ್ಟಿ. ಶೇಂಗಾ ಒಣಹಾಕಿದ ಅಂಗಳದಲ್ಲಿ ಕೂತಿದ್ದ ನಾಗಕ್ಕ ಎಂಬ ಮುದುಕಿ ಪೊಲೀಸರನ್ನು ಕಂಡು ಎದ್ದೇಳಲಿಲ್ಲ. ದಾಕ್ಷಾಯಿಣಿ ಪಕ್ಕದಲ್ಲಿ ಕೂತು, ಸಂಚಿ ಬಿಚ್ಚಿ ಎಲೆಗೆ ಸುಣ್ಣ ಹಚ್ಚಿಕೊಟ್ಟರು. ಓಂಕಾರಮೂರ್ತಿ ಇವತ್ತು ಬೈಯಲಿಲ್ಲ. ಶೈಲಜಾ ಕೊಟ್ಟ ಮೂಲ ತಳಿಯ ಫೋಟೋವನ್ನು ದಾಕ್ಷಾಯಿಣಿ ಫೋನಿನಲ್ಲಿ ತೋರಿಸಿದರು.

“ಅಯ್ಯೋ, ಕೆಂಜೆಡೆ!” ಮುದುಕಿ ಫೋನನ್ನೇ ಕಿತ್ತುಕೊಂಡಳು. “ಇದು ಕೆಂಜೆಡೆ ನವಣೆ ಕಣೇ. ಎಲ್ಲೈತಮ್ಮ ಇದು? ಎಕ್ಕಡ ಉಂದಿ? ನಾನು ನೋಡಿ ಹತ್ತು ವರ್ಷ ಆತು.”

“ಯಾರ ಮನೇಲಿ ಬೆಳೀತಿದ್ರು ಅಜ್ಜಿ?”

“ದೊಡ್ಡಪಾಲಯ್ಯನ ಹೆಂಡ್ತಿ ಗಡಿಗೇಲಿ ಬೀಜ ಇಟ್ಕಂಡಿದ್ಲು. ಹಟ್ಟಿಗೆಲ್ಲ ಅವಳ ಮನೆದೇ ಬೀಜ. ಒಂದು ಸೇರು ತಂದ್ರೆ ಸುಗ್ಗಿ ಆದ್ಮ್ಯಾಲೆ ಎರಡು ಸೇರು ಕೊಡಬೇಕು. ಆಮ್ಯಾಲೆ ಎಲ್ರೂ ಮೆಕ್ಕೆಜೋಳ, ಶೇಂಗಾ ಅಂತ ಹೋದ್ರು, ಯಾರೂ ವಾಪಸ್ ಕೊಡಲಿಲ್ಲ. ಗಡಿಗೆ ಖಾಲಿ ಆತು. ಅವಳೂ ಹೋದ್ಲು.”

ಓಂಕಾರಮೂರ್ತಿ ಮುಂದೆ ಬಾಗಿದರು. “ಬೀಜ ತಗೊಳ್ಳೋವಾಗ ಮನೇಲಿ ಯಾರೂ ಇರದೇ ಇದ್ದರೆ?”

“ತಗಂಡು, ಆ ಜಾಗದಾಗೆ ಒಂದು ಅಡಿಕೆ ಇಟ್ಟು ಬರೋದು. ಬಂದು ನೋಡಿದೋರಿಗೆ ಗೊತ್ತಾಗ್ತೈತೆ. ಯಾರೋ ಒಯ್ದೌರೆ, ಎರಡರಷ್ಟು ತಂದುಕೊಡ್ತಾರೆ ಅಂತ. ಅಡಿಕೆ ಇಟ್ಟ ಮ್ಯಾಲೆ ತಪ್ಪಂಗಿಲ್ಲ.”

ದಾಕ್ಷಾಯಿಣಿ ಮತ್ತು ಇನ್ಸ್‌ಪೆಕ್ಟರ್ ಮುಖ ಮುಖ ನೋಡಿಕೊಂಡರು. “ಆ ಅಮ್ಮನಿಗೆ ಮಕ್ಕಳು?”

“ಒಬ್ಬಳೇ ಮಗಳು, ಸೂರಮ್ಮ. ಉಳ್ಳಾರ್ತಿ ಕಡೆ ಕೊಟ್ಟೌರೆ.”

ಕೇಂದ್ರದ ಹನ್ನೊಂದು ಹೆಣ್ಣಾಳುಗಳ ಪಟ್ಟಿ ಓಂಕಾರಮೂರ್ತಿಯವರ ಜೇಬಿನಲ್ಲೇ ಇತ್ತು. ಆರನೆಯ ಹೆಸರು ಸೂರಮ್ಮ, ವಯಸ್ಸು ಐವತ್ತೆರಡು. ಅವರು ಪಟ್ಟಿಯನ್ನು ಮಡಿಚಿ ಇಟ್ಟುಕೊಂಡರು. ಕೇಸು ಬಿಡಿಸಿದಾಗ ಆಗಬೇಕಾದ ಖುಷಿ ಆಗಲಿಲ್ಲ. ಮೊಳಕಾಲ್ಮೂರಿನಲ್ಲಿ ಊಟಕ್ಕೆ ನಿಲ್ಲಿಸಿದಾಗ ಡಬ್ಬಿಯ ಉಪ್ಪಿಟ್ಟನ್ನು ಪೂರ್ತಿ ತಿಂದರು.

ಸೂರಮ್ಮನ ಮನೆ ತಲುಪಿದಾಗ 4.35. ಹೆಂಗಸನ್ನು ದಸ್ತಗಿರಿ ಮಾಡುವುದಾದರೆ ಸೂರ್ಯ ಮುಳುಗುವ ಮೊದಲೇ ಆಗಬೇಕು, ಹೊತ್ತು ಸಾಕಷ್ಟಿತ್ತು. ತೆನೆ ಗುರುತಿಸಲು ಶೈಲಜಾ ಬಂದಿದ್ದರು. ನೆರೆಮನೆಯ ಇಬ್ಬರು ಪಂಚರಾಗಿ ನಿಂತರು. ದಾಕ್ಷಾಯಿಣಿ ಫೋನಿನಲ್ಲಿ ವಿಡಿಯೊ ಶುರು ಮಾಡಿದರು.

ಹುಡುಕಬೇಕಾಗಲಿಲ್ಲ. ಒಲೆಯ ಮೇಲಿನ ಜಂತಿಯಲ್ಲಿ ನಾಲ್ಕು ಕಟ್ಟು ತೆನೆ ಹೊಗೆ ಕುಡಿಯುತ್ತಾ ನೇತಾಡುತ್ತಿದ್ದವು. ಕೆಳಗೆ ಸೂರಮ್ಮ ರೊಟ್ಟಿ ತಟ್ಟುತ್ತಿದ್ದಳು. ತಟ್ಟುತ್ತಿದ್ದ ರೊಟ್ಟಿಯನ್ನು ಹಂಚಿಗೆ ಹಾಕಿ, ಬೇಯಿಸಿ ತೆಗೆದು, ಬೆಂಕಿ ಹಿಂದಕ್ಕೆ ಎಳೆದ ಮೇಲೇ ಎದ್ದಳು.

“ಇದು ಎಲ್ಲಿಂದ ತಂದದ್ದು?”

“ಮೇಡಮ್ಮೋರ ಹೊಲದಾಗಿಂದ.”

“ಯಾವಾಗ?”

“ಶನಿವಾರ ಮಧ್ಯಾಹ್ನ. ಎಲ್ರೂ ಉಣ್ಣಾಕೆ ಹೋದಾಗ. ಹುಲ್ಲಿನ ಹೊರೆಯಾಗೆ ಇಟ್ಕಂಡು ಬಂದೆ.”

“ನಾಲ್ಕು ಮಡಿ ಹೇಗೆ ಗೊತ್ತಾಯ್ತು?”

ಸೂರಮ್ಮನಿಗೆ ಆ ಪ್ರಶ್ನೆಯೇ ವಿಚಿತ್ರವೆನಿಸಿತು. “ಗೊತ್ತಾಗದೆ ಏನು ಸಾಹೇಬ್ರೆ? ಮಿಕ್ಕವು ಹೊಸ ಸೊಸೆ ನಿಂತಂಗೆ ನೆಟ್ಟಗೆ ನಿಂತಾವೆ. ನಮ್ಮವ್ವಂದು ಕಾಳು ಕಟ್ಟಿದ ಕೂಡ್ಲೆ ಕತ್ತು ವಾರೆ ಮಾಡ್ತೈತೆ. ಬೆಳಗಿನ ಬಿಸಿಲಾಗೆ ಕೂದಲು ಕೆಂಪಗೆ ಹೊಳೀತೈತೆ. ನಾನು ಅದರಾಗೇ ಆಡ್ಕಂಡು ಬೆಳೆದಾಳು.”

ಶೈಲಜಾಗೆ ಸುಮ್ಮನಿರಲಾಗಲಿಲ್ಲ. “ಸೂರಮ್ಮ, ನನ್ನನ್ನು ಒಂದು ಮಾತು ಕೇಳಬಹುದಿತ್ತಲ್ಲ!”

“ಕೇಳ್ದೆ ಮೇಡಮ್ಮೋರೆ. ಮಾರ್ನಮಿಗೆ ಮುಂಚೆ, ಬಲೆ ಕಟ್ಟಿದ ದಿನ. ಒಂದು ಹಿಡಿ ಬೀಜ ಕೊಡ್ರಿ ಅಂದೆ. ನೀವು ಹೊಸಾದು ಹೊರಗೆ ಕೊಡಂಗಿಲ್ಲ, ಇನ್ನೆರಡು ವರ್ಷ ತಡಕೊಳ್ರಿ ಅಂದ್ರಿ. ನಾನು ಹೊಸಾದು ಕೇಳಿರಲಿಲ್ಲ.”

ಶೈಲಜಾಗೆ ನೆನಪಾಯಿತು. ಬಲೆಯ ಹಗ್ಗ ಹಿಡಿದುಕೊಂಡು, ಫೋನಿನಲ್ಲಿ ಯಾರ ಜೊತೆಗೋ ಮಾತಾಡುತ್ತಲೇ ಹೇಳಿದ ಉತ್ತರ ಅದು. ಇವಳು ಯಾವ ಬೀಜ ಕೇಳುತ್ತಿದ್ದಾಳೆ ಎಂದು ತಿರುಗಿ ನೋಡಿರಲೂ ಇಲ್ಲ. ಅವರ ಮುಖ ಸಣ್ಣದಾಯಿತು.

“ಆಮ್ಯಾಲೆ ಗುಂಡಿ ತೋಡಿಸಿದ್ರಿ. ಎಲ್ಲ ಸುಡ್ತೀವಿ ಅಂದ್ರು ಶಶಿಕಾಂತಪ್ಪ. ಎಲ್ಲಾನೂ ಅಂತ ಕೇಳ್ದೆ. ಎಲ್ಲಾನೂ ಅಂದ್ರು.” ಸೂರಮ್ಮ ಬಾಗಿಲಲ್ಲಿ ನಿಂತ ಸೊಸೆ ನಿರ್ಮಲಾಳ ಕಡೆ ಕೈ ತೋರಿಸಿದಳು. ಆರು ತಿಂಗಳ ಬಸುರಿ, ಬಿಳಿಚಿದ ಮುಖ. “ಇವಳಿಗೂ ರಕ್ತ ಇಲ್ಲ. ಮಾತ್ರೆ ನುಂಗಿದ್ರೆ ವಾಂತಿ. ನಿಮ್ಮ ನವಣೆ ಬರ್ಲಿ ಮೇಡಮ್ಮೋರೆ, ಬ್ಯಾಡ ಅನ್ನಲ್ಲ. ಬಂದ್ರೆ ಮೊದಲು ಇವಳಿಗೇ ಉಣ್ಣಿಸ್ತೀನಿ. ಆದ್ರೆ ತಾಯಿನ ಸುಟ್ಟು ಮಗಳನ್ನ ಸಾಕ್ತಾರೇನ್ರಿ?”

ಶೈಲಜಾ ತಲೆಯೆತ್ತಿ ಜಂತಿಯ ತೆನೆಗಳನ್ನು ನೋಡಿದರು. ವಿಡಿಯೊ ನಡೆಯುತ್ತಲೇ ಇತ್ತು.

“ಅದರ ಒಂದು ಪೊಟ್ಟಣ ಬೆಂಗಳೂರಿನ ಶೀತಗೃಹದಲ್ಲಿದೆ,” ಎಂದರು ಶೈಲಜಾ ಕೊನೆಗೆ. “ಪೂರ್ತಿ ಕಳೆದುಹೋಗಿಲ್ಲ.”

“ನಮಗೆ ಕೊಡ್ತಾರಾ?”

“ಸಂಸ್ಥೆಗಳಿಗೆ ಮಾತ್ರ ಕೊಡುತ್ತಾರೆ. ನಾನು ಬರೆದು ಕೇಳುತ್ತೇನೆ. ಕೊಟ್ಟವರ ಹೆಸರಿನ ಜಾಗದಲ್ಲಿ ನಿಮ್ಮ ತಾಯಿಯ ಹೆಸರನ್ನೂ ಬರೆಸುತ್ತೇನೆ. ಅದಾದರೂ ನನ್ನ ಕೈಯಲ್ಲಿದೆ.”

ದೂರು ವಾಪಸ್ ತೆಗೆದುಕೊಳ್ಳಬಹುದೇ ಎಂದು ಶೈಲಜಾ ಓಂಕಾರಮೂರ್ತಿಯನ್ನು ಮೆಲ್ಲಗೆ ಕೇಳಿದರು. ಎಫ್‌ಐಆರ್ ಆದ ಮೇಲೆ ಅದು ತಮ್ಮ ಕೈಯಲ್ಲಿಲ್ಲ, ಹೇಳುವುದನ್ನು ನ್ಯಾಯಾಲಯದಲ್ಲಿ ಹೇಳಿ ಎಂದರು ಅವರು. ಕೆಲಸಗಾರಳೇ ಒಯ್ದದ್ದರಿಂದ ಕಲಂ 306 ಸೇರಿಸಬೇಕಾಯಿತು. 5.05ಕ್ಕೆ ದಸ್ತಗಿರಿ. ಸುದ್ದಿ ತಿಳಿಸಿದ್ದಕ್ಕೆ ನಿರ್ಮಲಾ ಸಹಿ ಹಾಕಿದಳು. ನಾಲ್ಕು ಕಟ್ಟು ತೆನೆಗಳನ್ನು ಇಳಿಸಿ, ತೂಗಿ, ಬಟ್ಟೆ ಚೀಲಕ್ಕೆ ಹಾಕಿ ಮೊಹರು ಒತ್ತಿದರು. ಕಳವಿಗೆ ಕಾರಣ ಎಂಬಲ್ಲಿ ಓಂಕಾರಮೂರ್ತಿ ಪೆನ್ನು ಹಿಡಿದು ಸ್ವಲ್ಪ ಹೊತ್ತು ಕೂತರು. ದುರಾಸೆ, ದ್ವೇಷ, ಕುಡಿತ ಎಂದು ಇಪ್ಪತ್ತೆರಡು ವರ್ಷ ಬರೆದ ಕೈ ಅದು. ಈಗ ಬರೆದರು: ತಾಯಿಯ ಬೀಜ ಸುಟ್ಟುಹೋಗುತ್ತದೆಂಬ ಭಯ.

“ಸಾಹೇಬ್ರೆ, ಇದನ್ನ ಎಲ್ಲಿಡ್ತೀರಿ?” ಸೂರಮ್ಮನ ಕಣ್ಣು ಚೀಲದ ಮೇಲೇ ಇತ್ತು.

“ಠಾಣೆಯ ಮುದ್ದೆಮಾಲು ಕೋಣೆಯಲ್ಲಿ. ಕೇಸು ಮುಗಿಯುವ ತನಕ.”

“ಎಷ್ಟು ದಿನ ಆಗ್ತೈತೆ?”

ಓಂಕಾರಮೂರ್ತಿಗೆ ಉತ್ತರ ಗೊತ್ತಿತ್ತು. ಆ ಕೋಣೆಯಲ್ಲಿ ಹದಿನಾಲ್ಕು ವರ್ಷದ ಹಿಂದಿನ ಸೈಕಲ್ಲಿನ್ನೂ ನಿಂತಿತ್ತು. ಅಲ್ಲಿ ಇಲಿಗಳಿದ್ದವು, ಹುಳ ಇದ್ದವು. ಬೀಜ ಒಂದೆರಡು ಮಳೆಗಾಲ ಕಾಯಬಹುದು, ಕೋರ್ಟಿನಷ್ಟು ಕಾಲ ಕಾಯಲಾರದು.

“ನಾಳೆ ನಿನ್ನ ಜೊತೆಗೇ ನ್ಯಾಯಾಧೀಶರ ಮುಂದೆ ಒಂದು ಅರ್ಜಿ ಇಡ್ತೀನಿ. ಇದು ಕೆಡುವ ವಸ್ತು, ಮುಂಗಾರಿನೊಳಗೆ ಬಿಡಬೇಕು ಅಂತ. ಮೇಡಮ್ಮೋರು ಅಡ್ಡಿ ಇಲ್ಲ ಅಂತ ಬರೆದುಕೊಡ್ತಾರೆ. ಆಮೇಲೆ ನ್ಯಾಯಾಧೀಶರು ಹೇಳಿದಂಗೆ.”

ಸೂರಮ್ಮ ಖಾಲಿಯಾದ ಜಂತಿಯನ್ನು ನೋಡಿದಳು, ಇನ್ಸ್‌ಪೆಕ್ಟರನ್ನು ನೋಡಿದಳು. ಜೀಪಿನ ಕಡೆ ಹೆಜ್ಜೆ ಹಾಕದೆ ಒಲೆಯ ಮುಂದೆಯೇ ನಿಂತಳು. ಹೆದರಿದ್ದಾಳೆಂದು ಪಂಚರು ತಿಳಿದರು. ಓಂಕಾರಮೂರ್ತಿಗೆ ಒಂದು ಕ್ಷಣದ ನಂತರ ಅರ್ಥವಾಯಿತು.

ಅವರು ದಾಕ್ಷಾಯಿಣಿಯ ಕಡೆ ಕೈ ಚಾಚಿದರು. “ಕೊಡಿ.”

“ಏನು ಸಾರ್?”

“ಸಂಚಿಯಲ್ಲಿರೋದು. ಇಡೀದು ಕೊಡಿ, ಹೋಳು ಬೇಡ.”

ದಾಕ್ಷಾಯಿಣಿ ವಿಡಿಯೊ ನಿಲ್ಲಿಸಿದರು. ಸಂಚಿಯಿಂದ ಒಂದು ಅಡಿಕೆ ತೆಗೆದು ಕೊಟ್ಟರು. ಓಂಕಾರಮೂರ್ತಿ ಬಾಗಿಲ ಹತ್ತಿರ ಹೋಗಿ ಬೂಟು ಬಿಚ್ಚಿಟ್ಟು ಬಂದರು. ತೆನೆ ನೇತಾಡುತ್ತಿದ್ದ ಜಾಗದ ನೇರಕ್ಕೆ, ಒಲೆಯ ಕಟ್ಟೆಯ ಮೇಲೆ ಅಡಿಕೆಯನ್ನು ಇಟ್ಟರು. ಪಂಚನಾಮೆಯಲ್ಲಿ ಇದು ಎಲ್ಲೂ ಬರಲಿಲ್ಲ.

ಸೂರಮ್ಮ ಅಡಿಕೆಯನ್ನು ನೋಡಿದಳು. ಸೆರಗು ಸರಿಮಾಡಿಕೊಂಡು, ರೊಟ್ಟಿ ಆರುವ ಮುಂಚೆ ಉಣ್ಣು ಎಂದು ಸೊಸೆಗೆ ಹೇಳಿ, ತಾನಾಗಿಯೇ ಜೀಪಿನ ಕಡೆ ನಡೆದಳು. ಹತ್ತುವಾಗ ಒಮ್ಮೆ ತಿರುಗಿದಳು.

“ಎರಡರಷ್ಟು ಸಾಹೇಬ್ರೆ. ಗ್ಯಾಪಕ ಇರ್ಲಿ.”